ರುದ್ರಣ್ಣನ ಪೆನ್ಸಿಲ್

ರುದ್ರಣ್ಣನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಸೂಜಿಯ ಹಾಗೆ ಚೂಪು ಮಾಡಿದ್ದು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ ಎಂದು ಅವನ ಹೆಂಡತಿಯೇ ಗೊಣಗುತ್ತಿದ್ದಳು. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಅವನ ಫೋಟೋ ಸ್ಟುಡಿಯೋ. ಗಾಜಿನ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಮುಖದ ಕಲೆ ಇರುವಲ್ಲೆಲ್ಲ ಪೆನ್ಸಿಲ್ಲಿನಿಂದ ಚುಕ್ಕೆ ತುಂಬುತ್ತಿದ್ದ. ಫೋಟೋ ಬಂದಾಗ ಕಲೆ ಮಾಯ! ಅದಕ್ಕೆ ಟಚಿಂಗ್ ಎನ್ನುತ್ತಿದ್ದ. ಮದುವೆ ವಯಸ್ಸಿಗೆ ಬಂದ ಹುಡುಗಿಯರನ್ನು ಕಡೂರಿನಿಂದಲೂ ಅವನಲ್ಲಿಗೆ ಕರೆತರುತ್ತಿದ್ದರು. "ನನ್ನ ಕುರ್ಚಿ ಮೇಲೆ ಕೂತೋರು ಯಾರೂ ಕೆಟ್ಟದಾಗಿ ಕಾಣಬಾರ್ದು ಕಣವ್ವಾ" ಎನ್ನುವುದು ಅವನ ಮಾತು.

ನನಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದಿತ್ತು. ಮುಖದ ತುಂಬ ಗುಳಿ. ಅಪ್ಪ ನನ್ನನ್ನೂ ಅಜ್ಜಂಪುರದಿಂದ ಅಲ್ಲಿಗೆ ಕರೆದೊಯ್ದ. ಫೋಟೋ ನೋಡಿ, ಈ ಬೆಣ್ಣೆಮುದ್ದೆ ಯಾರಪ್ಪಾ ಎಂದು ನಾನೇ ಬೆರಗಾದೆ. ಅದನ್ನೇ ಗಂಡಿನವರಿಗೆ ಕಳಿಸಿದರು, ಅವರು ಹೆಣ್ಣು ನೋಡಲು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಹುಡುಗನ ತಾಯಿ ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನನ್ನು.

"ಯಜಮಾನ್ರೇ, ಫೋಟೋದಲ್ಲಿರೋ ಹುಡುಗೀನ ಕರೀರಿ."

"ಇವಳೇ ತಾಯೀ" ಎಂದ ಅಪ್ಪ. ಗಂಡಿನವರು ಕಾಫಿ ಮುಟ್ಟದೆ ಎದ್ದರು. ಮೋಸದ ಮನೆ ಎಂದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಲೇ ಹೋದರು. ಅಪ್ಪ ಆಮೇಲೆ ಬಹಳ ದಿನ ಪೇಟೆ ಕಡೆ ಹೋಗಲಿಲ್ಲ.

ಮರುವರ್ಷ, ನಾನು ಹಾಡು ಕಲಿಯಲು ಹೋಗುತ್ತಿದ್ದ ತರೀಕೆರೆಯ ಸಂಗೀತ ಶಾಲೆಯಲ್ಲಿ ನಾವು ವಿದ್ಯಾರ್ಥಿಗಳೇ ಸೇರಿ ಒಂದು ಪತ್ರಿಕೆ ಮಾಡಿದೆವು. ಹಾಡಿನಲ್ಲಿ ನಾನೇ ಮೊದಲಿಗಳು, ಹಾಗಾಗಿ ಮುಖಪುಟಕ್ಕೆ ನನ್ನ ಫೋಟೋ ಎಂದರು. ಬಿಡುಗಡೆಯ ದಿನ ವೇದಿಕೆಯ ಮೇಲೆ ನನ್ನ ಹಾಡು, ಎದುರಿಗೆ ಕೂತವರ ಕೈಯಲ್ಲಿ ಆ ಪತ್ರಿಕೆ. ಮತ್ತೆ ಬೆಣ್ಣೆಮುದ್ದೆ ಅಚ್ಚಾದರೆ? ನೇರ ರುದ್ರಣ್ಣನ ಸ್ಟುಡಿಯೋ ಮೆಟ್ಟಿಲು ಹತ್ತಿದೆ.

"ರುದ್ರಣ್ಣ, ಪೆನ್ಸಿಲ್ ಮುಟ್ಟಂಗಿಲ್ಲ."

"ಮುಖಪುಟ ಕಣವ್ವಾ! ಊರೋರೆಲ್ಲ ನೋಡ್ತಾರೆ!"

"ನೋಡ್ಲಿ. ನಿಮ್ಮ ಟಚಿಂಗಿಂದ ನಮ್ಮಪ್ಪ ಮೋಸಗಾರ ಅನ್ನಿಸ್ಕೊಂಡ. ಈ ಸಲಾನೂ ಮಾಡಿದ್ರೆ ನಾನು ವೇದಿಕೆ ಹತ್ತಲ್ಲ. ಹಾಡೋದೇ ಬಿಡ್ತೀನಿ."

ಗಂಡಿನವರು ಎದ್ದುಹೋದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಕೇಳಿ ಮುಖ ಸಣ್ಣಗಾಯಿತು. ಕಿವಿಯ ಪೆನ್ಸಿಲ್ ತೆಗೆದು ಮೇಜಿನ ಡ್ರಾಯರಿಗೆ ಹಾಕಿದ. "ಆಣೆಗೂ ಮುಟ್ಟಲ್ಲ ಕಣವ್ವಾ" ಎಂದ. ನಾನು ತಂಬೂರಿ ಹಿಡಿದು ಕೂತೆ.

ಎರಡು ದಿನದ ಮೇಲೆ ಬಸ್ಸಿನಿಂದ ಇಣುಕಿದರೆ, ಸ್ಟುಡಿಯೋ ಬಾಗಿಲಲ್ಲಿ ನಿಂತ ರುದ್ರಣ್ಣನ ಪೆನ್ಸಿಲ್ ಮತ್ತೆ ಕಿವಿಯ ಮೇಲೆ! ಅಷ್ಟರಲ್ಲಿ ಫೋಟೋ ಅಚ್ಚಿನ ಬ್ಲಾಕು ಮಾಡಿಸಲು ಬೆಂಗಳೂರಿಗೆ ಹೋಗಿಯಾಗಿತ್ತು. ಕೇಳಿ ಏನು ಫಲ?

ಬಿಡುಗಡೆಯ ದಿನ ಪತ್ರಿಕೆಯ ಕಟ್ಟು ಬಿಚ್ಚುವಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಗೆಳತಿ ಕಮಲ ಒಂದು ಪ್ರತಿ ತಂದು ಮುಖದ ಮುಂದೆ ಹಿಡಿದಳು. "ನೋಡೇ, ನೀನೇ ಕಣೇ!" ಹಣೆ, ಕೆನ್ನೆ, ಮೂಗು, ಗುಳಿಗಳೆಲ್ಲ ಇದ್ದಲ್ಲೇ ಇದ್ದವು. ಅಬ್ಬಾ, ಆ ದಿನ ಹಾಡಿದ ಹಾಗೆ ಮತ್ತೆಂದೂ ಹಾಡಲಿಲ್ಲ. ರುದ್ರಣ್ಣ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಹಾಡು ಮುಗಿದ ಮೇಲೆ ಹುಡುಕಿದರೆ ಆಸಾಮಿ ಇಲ್ಲ. ಆಮೇಲೆ ಎದುರಿಗೆ ಸಿಕ್ಕಾಗಲೂ "ಹಾಡ್ತಿದೀಯೇನವ್ವಾ?" ಎಂದು ಕೇಳಿ ಸರಸರನೆ ಹೋಗಿಬಿಡುತ್ತಿದ್ದ.

ಅವನು ತೀರಿಕೊಂಡಾಗ ಮನೆಯವರನ್ನು ಮಾತನಾಡಿಸಿ ಬರಲು ಹೋದೆ. ಅವನ ಹೆಂಡತಿ ಬಟ್ಟೆಯಲ್ಲಿ ಸುತ್ತಿದ ಗಾಜಿನ ಪ್ಲೇಟೊಂದನ್ನು ಕೊಟ್ಟಳು. "ನಿಂದು ಕಣವ್ವ. ಇದೊಂದನ್ನ ಬೇರೆ ಎತ್ತಿಟ್ಟಿದ್ರು." ಕಿಟಕಿಗೆ ಹಿಡಿದೆ. ತಂಬೂರಿ ಹಿಡಿದು ಕೂತ ಆ ಮುಖಪುಟದ ಫೋಟೋದ್ದೇ. ನೆಗೆಟಿವಿನಲ್ಲಿ ನನ್ನ ಮುಖ ಕಪ್ಪು, ಗುಳಿಗಳು ಬೆಳಕಿನ ಚುಕ್ಕೆಗಳು. ಎಡಗೆನ್ನೆಯಲ್ಲಿ, ಓಲೆಯ ಪಕ್ಕದ ಒಂದು ಚುಕ್ಕೆ ಮಾತ್ರ ಬೆಳಗುತ್ತಿರಲಿಲ್ಲ. ಅಲ್ಲಿ ಪೆನ್ಸಿಲ್ ಆಡಿತ್ತು.

ಮನೆಗೆ ಬಂದು ಮುಖಪುಟ ತೆಗೆದು ನೋಡಿದೆ. ಹೌದು, ಅದೊಂದು ಗುಳಿ ಇರಲಿಲ್ಲ. ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ! ಆಣೆ ಇಟ್ಟು ಮಾತು ತಪ್ಪಿದ ಕಳ್ಳ ಮುದುಕ ಎಂದು ಬೈಯಲು ಹೋದೆ, ಅಳು ಬಂತು. ಕನ್ನಡಿಯ ಮುಂದೆ ನಿಂತು ಓಲೆಯ ಪಕ್ಕ ಬೆರಳಿಟ್ಟೆ. ಗುಳಿ ಅಲ್ಲೇ ಇತ್ತು.