ಡಿಪೋದ ಪಾಸ್ಟ್ರು

ನಾನು ಹಾಸ್ಯ ಬರೆಯುತ್ತೇನೆ ಎಂಬುದು ಆಲಂಕಾರು ಪೇಟೆಯಲ್ಲಿ ಬಹುತೇಕ ಗುಟ್ಟಾಗಿಯೇ ಉಳಿದಿದೆ. ಝೆರಾಕ್ಸ್ ಅಂಗಡಿಯ ಸುದರ್ಶನ ಎಂದರೆ ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಬರೆದು ನಗಿಸಿದವರಿಗಿಂತ ಹೆಚ್ಚು ಜನರನ್ನು ನಾನು ಒಂದೇ ಒಂದು ಬೆಳಿಗ್ಗೆ, ಹಾಲಿನ ಡಿಪೋದ ಜಗಲಿಯಲ್ಲಿ, ಒಂದಕ್ಷರ ಬರೆಯದೆ ನಗಿಸಿದೆ.

ಆದದ್ದು ಇಷ್ಟೆ. ನಮ್ಮ ಮನೆಯ ಎರಡು ದನಗಳು ಹೆಂಡತಿ ಊರ್ಮಿಳಾಳ ಇಲಾಖೆ. ನನಗೂ ಅವಕ್ಕೂ ಮುಖಪರಿಚಯ ಮಾತ್ರ. ಅವಳು ದನದ ಹಟ್ಟಿಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು. ಹೇಗೋ ಕುಂಟುತ್ತಾ ಹಾಲು ಕರೆದಳು. ಡಿಪೋಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಶುಚಿತ್ವದ ವಿಷಯದಲ್ಲಿ ನನಗೆ ದೊಡ್ಡ ದೊಡ್ಡ ಅಭಿಪ್ರಾಯಗಳಿವೆ. ಹಾಗಾಗಿ ಕ್ಯಾನನ್ನು ನಳ್ಳಿಯಡಿ ಹಿಡಿದು ಇನ್ನೊಮ್ಮೆ ತೊಳೆದೆ. ತೊಳೆದ ನೀರನ್ನು ಚೆಲ್ಲುವ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಫೋನಿನಲ್ಲಿ ಮಾತಾಡುತ್ತಲೇ ಹಾಲನ್ನು ಆ ನೀರಿನ ಮೇಲೆ ಸುರಿದು, ಮುಚ್ಚಳ ಹಾಕಿ, ಸ್ಕೂಟರ್ ಹತ್ತಿದೆ.

ಡಿಪೋದಲ್ಲಿ ಹಾಲು ಪರೀಕ್ಷೆ ಮಾಡುವ ಮನುಷ್ಯ ನನ್ನ ಹಾಲಿನಲ್ಲಿ ನೀರು ಬೆರೆತದ್ದನ್ನು ಹಿಡಿಯುವ ಗಾಜಿನ ಬುರುಡೆ ಇಳಿಬಿಟ್ಟರು. ತೇಲಬೇಕಾದ ಬುರುಡೆ ನಾಚಿಕೊಂಡು ಒಳಗೆ ಕೂತಿತು. ಅವರು ತಲೆಯೆತ್ತಿ, ಬಹಳ ಮರ್ಯಾದೆಯಿಂದ ಕೇಳಿದರು:

"ನಿಮ್ಮ ಕಡೆ ರಾತ್ರಿ ಮಳೆ ಬಂತಾ?"

ಅದು ಫೆಬ್ರವರಿ. ಹಿಂದೆ ಸಾಲಿನಲ್ಲಿದ್ದ ದೇವಮ್ಮಕ್ಕ ಬಿಡಲಿಲ್ಲ. "ಊರ್ಮಿಳಕ್ಕ ಮಲಗಿದ್ದೇ ತಡ, ಇವರು ಬಿಸ್ನೆಸ್ ಸುರು ಮಾಡಿ ಆಯ್ತು ಮಾರಾಯ್ರೆ!"

ಜಗಲಿ ಜಗಲಿಯೇ ನಕ್ಕಿತು. ನಗದೆ ಇದ್ದದ್ದು ಇಬ್ಬರು: ನಾನು ಮತ್ತು ಆ ಮನುಷ್ಯ. ಅವರು ಕ್ಯಾನನ್ನು ಮೆಲ್ಲನೆ ನನ್ನ ಕಡೆ ಸರಿಸಿ, "ಇದನ್ನು ಕೊಂಡೋಗಿ, ಚಾ ಮಾಡಿ ಕುಡೀರಿ. ತೊಳೆದ ಕ್ಯಾನನ್ನು ಕವುಚಿ ಹಾಕಿದ್ರೆ ಆಯ್ತು, ನೀರು ನಿಲ್ಲುದಿಲ್ಲ. ಸಂಜೆಯದ್ದು ತನ್ನಿ," ಎಂದರು.

ಮನೆಗೆ ಬಂದು, "ಯಾರವನು, ಅಷ್ಟು ಜನರ ಎದುರು!" ಎಂದು ಹಾರಾಡಿದೆ.

"ಅವರು ಪಾಸ್ಟ್ರು. ಸಾಂಕುಟ್ಟಿ ಪಾಸ್ಟ್ರು," ಎಂದಳು ಊರ್ಮಿಳಾ. "ನಿಮಗೆ ಗೊತ್ತಿಲ್ವಾ? ದಿನಾ ಊರವರ ಆಧಾರ್ ಕಾರ್ಡಿನ ಫೋಟೋ ನೋಡ್ತೀರಿ, ಮುಖ ನೋಡುದಿಲ್ಲ."

ಅಲ್ಲಿಂದ ನಾನು ಅವರ ಮುಖ ನೋಡಲು ಶುರು ಮಾಡಿದ್ದು.

ಸಾಂಕುಟ್ಟಿಯವರ ಅಪ್ಪ ಕೋಟ್ಟಯಂ ಕಡೆಯಿಂದ ನೆಲ್ಯಾಡಿಗೆ ಬಂದು ಮರಗೆಣಸು, ಆಮೇಲೆ ರಬ್ಬರ್ ಹಾಕಿದವರು. ಮಗ ಹುಟ್ಟಿದ್ದು, ಓದಿದ್ದು ಇಲ್ಲೇ. ಬೈಬಲ್ ಶಾಲೆಗೆಂದು ಕೇರಳಕ್ಕೆ ಹೋಗಿ, ಬರುವಾಗ ಒಂದು ಪೆಟ್ಟಿಗೆ ಪುಸ್ತಕ ಮತ್ತು ಸಾರಮ್ಮ ಎಂಬ ಹೆಂಡತಿಯೊಂದಿಗೆ ಬಂದರು. ರಬ್ಬರ್ ತೋಟದ ನಡುವೆ ಶೀಟಿನ ಮಾಡಿನ ಒಂದು ಹಾಲ್, ಇಪ್ಪತ್ತು ಮನೆಯ ಸಭೆ. ಬಹುಮಂದಿ ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು. ಮಳೆಗಾಲ ಜೋರಾದರೆ ಅವರ ಒಲೆಯೇ ತಣ್ಣಗೆ. ಅಂಥವರ ಕಾಣಿಕೆಯಲ್ಲಿ ಸಂಸಾರ ನಡೆಸಲು ಪಾಸ್ಟ್ರಿಗೆ ಮನಸ್ಸು ಬರಲಿಲ್ಲ. ಅದೇ ಹೊತ್ತಿಗೆ ಡಿಪೋ ನಡೆಸುವ ನಮ್ಮ ಸೊಸೈಟಿಗೆ ಹಾಲು ಪರೀಕ್ಷೆ ಮಾಡುವವರು ಬೇಕಾಗಿತ್ತು.

"ನಮಗೆ ಆಗ ಬೇಕಾಗಿದ್ದದ್ದು ಹಿಂದೂನೂ ಅಲ್ಲ, ಕ್ರಿಶ್ಚಿಯನ್ನೂ ಅಲ್ಲ," ಎನ್ನುತ್ತಾರೆ ಸೊಸೈಟಿಯ ಅಧ್ಯಕ್ಷ ತೀರ್ಥರಾಮ ಗೌಡರು. "ಬೆಳಿಗ್ಗೆ ಬೇಗ ಏಳುವ ಒಬ್ಬ ಮನುಷ್ಯ. ಅದು ಯಾವ ಜಾತಿಯಲ್ಲೂ ಸಿಕ್ಕಿರ್ಲಿಲ್ಲ."

ದನಗಳಿಗೆ ಭಾನುವಾರ ಗೊತ್ತಿಲ್ಲ. ಆದ್ದರಿಂದ ಆ ಸಭೆಯ ಆರಾಧನೆಯ ಹೊತ್ತನ್ನು ನಿರ್ಧರಿಸುವುದು ಹಾಲಿನ ಲಾರಿ. ಲಾರಿ ಕ್ಯಾನು ತುಂಬಿಸಿಕೊಂಡು ಹೋದ ಮೇಲೆ ಪಾಸ್ಟ್ರು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ ಹೋಗುತ್ತಾರೆ. ಸಂಜೆಯ ಹಾಲಿಗೆ ಮತ್ತೆ ಬರಬೇಕು. ಒಮ್ಮೆ ಕುತೂಹಲಕ್ಕೆಂದು ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಪಾಸ್ಟ್ರ ಉಪದೇಶದ ಪ್ರಸಂಗ ಎಷ್ಟು ಒಳ್ಳೆಯದು, ಎಷ್ಟು ಚಿಕ್ಕದು! ಹಟ್ಟಿಯಲ್ಲಿ ದನ ಕೂಗುವುದರೊಳಗೆ ಮುಗಿಸಬೇಕೆಂದು ಗೊತ್ತಿರುವ ಮನುಷ್ಯ ಸುತ್ತಿಬಳಸುವುದಿಲ್ಲ. ಹಾಸ್ಯ ಲೇಖಕರಿಗೂ ಸರಕಾರದಿಂದ ಒಂದೊಂದು ದನ ಕೊಡಿಸಬೇಕು ಎಂದು ಅಂದೇ ನನಗನ್ನಿಸಿತು.

ಎಲ್ಲ ಹೀಗೇ ನಡೆಯುತ್ತಿರುವಾಗ ಹೋದ ವರ್ಷ ಸುದ್ದಿ ಬಂತು. ಅವರ ಸಭೆಗಳ ಮೇಲ್ವಿಚಾರಣೆಗೆ ಹೊಸದಾಗಿ ಬಂದ ಚೆರಿಯಾನ್ ಎಂಬ ಹಿರಿಯ ಪಾಸ್ಟರಿಗೆ ಈ ಏರ್ಪಾಡು ಸರಿ ಕಾಣಲಿಲ್ಲ. ಪಾಸ್ಟರ್ ಎಂದರೆ ಪೂರ್ಣ ಹೊತ್ತಿನ ಕೆಲಸ. ಡಿಪೋ ಬಿಡಬೇಕು, ಇಲ್ಲವಾದರೆ ಜೂನಿನಲ್ಲಿ ಬೇರೊಬ್ಬರು ಬರುತ್ತಾರೆ. ಬೇರೊಬ್ಬರು ಬಂದರೆ ಸಾಂಕುಟ್ಟಿ ಮತ್ತು ಸಾರಮ್ಮ ಆರಾಧನೆಯ ಹಾಲ್‌ಗೆ ತಾಗಿದ ತಮ್ಮ ಎರಡು ಕೋಣೆಯ ಮನೆ ಬಿಟ್ಟು, ತಾವೇ ಒಂದೊಂದು ಮನೆಯಾಗಿ ಕೂಡಿಸಿದ ಸಭೆಯನ್ನೂ ಬಿಟ್ಟು ಹೋಗಬೇಕು.

"ಎಂತ ಮಾಡ್ತೀರಿ ಪಾಸ್ಟ್ರೇ?" ಎಂದು ಕೇಳಿದೆ.

"ಡಿಪೋ ಬಿಟ್ರೆ ಸಭೆಯವರು ನನ್ನನ್ನು ಸಾಕಬೇಕು. ಸಭೆ ಬಿಟ್ರೆ ನಾನು ಯಾಕೆ ಪಾಸ್ಟರ್ ಆದದ್ದು? ಗೊತ್ತಾಗುದಿಲ್ಲ ಅಣ್ಣಾ," ಎಂದು, ಮುಂದಿನವರ ಕ್ಯಾನು ತೆರೆದರು. ಮುಚ್ಚಳ ಒಮ್ಮೆ ಕೆಳಗೆ ಬಿತ್ತು.

ನಾನು ಆಗ ಹಿರಿಯ ಪಾಸ್ಟರಿಗೆ ಹೇಳಲು ಮನಸ್ಸಿನಲ್ಲೇ ಒಂದು ಭಾಷಣ ತಯಾರು ಮಾಡತೊಡಗಿದೆ. ಅದರಲ್ಲಿ ಹೇಳಬೇಕೆಂದಿದ್ದ ಸಂಗತಿಗಳು ಮುಖ್ಯವಾಗಿ ಎರಡು.

ಒಂದು, ಕುಂಞಪ್ಪನ್ ಚೇಟ್ಟನದ್ದು. ಚೇಟ್ಟ ಎಂದರೆ ಮಲಯಾಳದಲ್ಲಿ ಅಣ್ಣ; ಅವರು ಸಭೆಯ ಹಿರಿಯರು, ಮುಂದಿನ ಬೆಂಚಿನವರು. ಒಂದು ದಿನ ಅವರ ಹಾಲಿನಲ್ಲೂ ಬುರುಡೆ ಮುಳುಗಿತು. ಪಾಸ್ಟ್ರು ನನಗೆ ಮಾಡಿದ್ದನ್ನೇ ಅವರಿಗೂ ಮಾಡಿದರು, ಕ್ಯಾನನ್ನು ಮೆಲ್ಲನೆ ಸರಿಸಿದರು. ಚೇಟ್ಟ ಮುಂದಿನ ಭಾನುವಾರ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗಿ ಮುಖ ದಪ್ಪ ಮಾಡಿ ಕೂತರು. ಅವತ್ತಿನ ಪ್ರಸಂಗದಲ್ಲಿ ಹಾಲಿನ ಸುದ್ದಿಯೂ ಇಲ್ಲ, ನೀರಿನ ಸುದ್ದಿಯೂ ಇಲ್ಲ. ಮಧ್ಯಾಹ್ನ ಮಾತ್ರ ಪಾಸ್ಟ್ರು ಕರೆಯದೆ ಚೇಟ್ಟನ ಮನೆಗೆ ಹೋಗಿ, ಬೇಯಿಸಿದ ಮರಗೆಣಸು, ಮೆಣಸಿನ ಚಟ್ನಿ ಎರಡೆರಡು ಸಲ ಹಾಕಿಸಿಕೊಂಡು ತಿಂದು ಬಂದರು. ಅಲ್ಲಿ ಏನು ಮಾತಾಯಿತು ಎಂದು ಪೇಟೆಗೆ ಇಂದಿಗೂ ಗೊತ್ತಾಗಿಲ್ಲ. ನಮ್ಮ ಪೇಟೆಯಲ್ಲಿ ಅದೇ ಒಂದು ಅದ್ಭುತ.

ಇನ್ನೊಂದು ನಮ್ಮ ಮನೆಯದ್ದೇ. ಒಂದು ಸಂಜೆ ನಮ್ಮ ಹಾಲು ಡಿಪೋಗೆ ಹೋಗಲಿಲ್ಲ. ಊರ್ಮಿಳಾ ಸುಸ್ತು ಎಂದು ಮಲಗಿದ್ದಳು. ನಾನು ಅಂಗಡಿಯಿಂದ ಬಂದು, ಗ್ಯಾಸ್ ಇರಬೇಕು ಎಂದು ತೀರ್ಮಾನಿಸಿ, ಜೀರಿಗೆ ಕಷಾಯ ಮಾಡುತ್ತಿದ್ದೆ. ಅಂಗಳದಲ್ಲಿ ಸ್ಕೂಟರ್ ನಿಂತಿತು. "ಊರ್ಮಿಳಕ್ಕನ ಹಾಲು ಬರ್ಲಿಲ್ಲ. ಎಂತ ಆಯ್ತು?" ಎಂದು ಪಾಸ್ಟ್ರು ಒಳಗೆ ಬಂದರು. ಅವಳ ಹಣೆಯ ಬೆವರು ನೋಡಿದ್ದೇ, "ಕಷಾಯ ಮತ್ತೆ ಕುಡಿಯುವ ಅಣ್ಣಾ, ಈಗ ಹೊರಡುವ," ಎಂದರು. ಪಕ್ಕದ ಮನೆಯ ಉಸ್ಮಾನ್ ಜೀಪು ತೆಗೆದ. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರರು ಎದೆಯ ಪರೀಕ್ಷೆ ಮಾಡಿ, ಒಳ್ಳೆ ಹೊತ್ತಿಗೆ ತಂದಿರಿ ಎಂದರು. ತಂದವನು ನಾನಲ್ಲ ಎಂದು ಹೇಳಲು ಆಗ ನನಗೆ ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ. ಊರ್ಮಿಳಾ ಇವತ್ತು ಹಟ್ಟಿಯಲ್ಲಿ ನಿಂತು ನನ್ನನ್ನು ಬೈಯುತ್ತಿದ್ದಾಳೆ ಎಂದರೆ, ಆ ಬೈಗುಳದ ಪ್ರತಿಯೊಂದು ಶಬ್ದವೂ ಪಾಸ್ಟ್ರು ಉಳಿಸಿಕೊಟ್ಟದ್ದು.

ಏಪ್ರಿಲ್‌ನ ಒಂದು ಭಾನುವಾರ ಚೆರಿಯಾನ್ ಪಾಸ್ಟರ್ ತಾವೇ ಸಭೆ ನೋಡಲು ಬಂದರು. ಅದೇ ಬೆಳಿಗ್ಗೆ ಹಾಲಿನ ಲಾರಿ ಎಲ್ಲೋ ದಾರಿಯಲ್ಲಿ ಕೆಟ್ಟು ನಿಂತಿತು. ಬಿಸಿಲೇರುತ್ತಿತ್ತು. ಇಡೀ ಊರಿನ ಹಾಲು ಜಗಲಿಯಲ್ಲಿ. ಸಾಂಕುಟ್ಟಿ ಗೋಣಿಗಳನ್ನು ನೀರಲ್ಲಿ ಅದ್ದಿ ಕ್ಯಾನುಗಳಿಗೆ ಹೊದೆಸಿ, ನೆರಳು ಸರಿದಂತೆ ಕ್ಯಾನು ಸರಿಸಿ, ನಡುವೆ ಲಾರಿಯವನಿಗೆ ಫೋನ್ ಮಾಡುತ್ತಿದ್ದರು.

"ನೀವು ಹೋಗಿ ಪಾಸ್ಟ್ರೇ, ನಾನು ನೋಡಿಕೊಳ್ತೇನೆ," ಎಂದರು ತೀರ್ಥರಾಮ ಗೌಡರು.

"ಹೋದ ಸಲ ನೀವು ನೋಡಿಕೊಂಡದ್ದು ಮೊಸರಾಗಿತ್ತು," ಎಂದಳು ದೇವಮ್ಮಕ್ಕ.

ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಆರಾಧನೆಗೆ ಪಾಸ್ಟರೇ ಇಲ್ಲದ ಸಭೆಯಲ್ಲಿ ಕಾದು ಸಾಕಾಗಿ ಚೆರಿಯಾನ್ ಪಾಸ್ಟರ್ ಇಳಿದರು. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮುಖ. ಅವರ ಹಿಂದೆಯೇ ರಸ್ತೆಯಲ್ಲಿ ಕೊಡೆ ಹಿಡಿದುಕೊಂಡು ಸಭೆಗೆ ಸಭೆಯೇ ಬರುತ್ತಿತ್ತು, ಮುಂದೆ ಕುಂಞಪ್ಪನ್ ಚೇಟ್ಟ. ಸಾಂಕುಟ್ಟಿ ಪ್ಲಾಸ್ಟಿಕ್ ಏಪ್ರನ್ನಿನಲ್ಲೇ ಕೈಮುಗಿದರು.

"ಕ್ಷಮಿಸಿ ಸರ್. ಬಿಟ್ಟು ಬಂದ್ರೆ ಹಾಲು ಹಾಳಾಗ್ತದೆ."

ಗೌಡರು ತಂದಿಟ್ಟ ಕುರ್ಚಿಯಲ್ಲಿ ಚೆರಿಯಾನ್ ಪಾಸ್ಟರ್ ಕೂತರು. ನನ್ನ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದು. ನಾನು ಎದುರು ಹೋಗಿ ನಿಂತೆ. ಗಂಟಲು ಸರಿಪಡಿಸಿದೆ. "ಸರ್, ಇಲ್ಲಿ ಹಾಲು... ಒಳ್ಳೇದುಂಟು," ಎಂದೆ. ಮುಂದಿನದು ನೆನಪಾಗಲಿಲ್ಲ. ದೇವಮ್ಮಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ನೀವಾ ನಮ್ಮ ಪಾಸ್ಟ್ರನ್ನು ಕಳಿಸುದು?"

"ನಿಮ್ಮ ಪಾಸ್ಟರ್?" ಹಿರಿಯ ಪಾಸ್ಟರ್ ಅವಳ ಹಣೆಯ ಕುಂಕುಮ ನೋಡಿದರು. "ನೀವು ಸಭೆಯವರಾ?"

"ನಾನು ಯಾಕೆ ಸಭೆಗೆ ಹೋಗ್ಲಿ? ನಾನು ಬರುದು ಡಿಪೋಗೆ. ನನ್ನ ಸೊಸೆ ಮುನಿಸಿಕೊಂಡು ತವರಿಗೆ ಹೋದಾಗ ಈ ಜಗಲಿಯಲ್ಲೇ ಕೂತು ಅತ್ತದ್ದು. ಇವರು ಹಾಲು ಅಳೀತಾ ಕೇಳಿದ್ರು. ಮತ್ತೆ ಹೇಳಿದ್ರು, ದೇವಮ್ಮಕ್ಕ, ಫೋನ್ ನೀವೇ ಮೊದಲು ಮಾಡಿ ಅಂತ. ಮಾಡಿದೆ. ಈಗ ಅವಳೇ ದನ ಕರೆಯುದು."

ಉಸ್ಮಾನ್ ಕ್ಯಾನು ಇಡಲು ಬಂದವನು ಅಲ್ಲೇ ನಿಂತು ತಾಯಿಯ ಸುದ್ದಿ ಹೇಳಿದ. "ಉಮ್ಮ ಆಪರೇಷನ್ ಮುಗಿಸಿ ನಿನ್ನೆ ಮನೆಗೆ ಬಂದ್ರು ಪಾಸ್ಟ್ರೇ. ಕಣ್ಣು ಈಗ ಕಾಣ್ತದೆ. ಮೊದಲು ನಿಮ್ಮನ್ನೇ ಕೇಳಿದ್ದು."

"ನಾಳೆ ಬರ್ತೇನೆ ಅಂತ ಹೇಳು," ಎಂದರು ಸಾಂಕುಟ್ಟಿ, ಗೋಣಿ ಹಿಂಡುತ್ತಾ.

ಹಿರಿಯ ಪಾಸ್ಟರ್ ಒಮ್ಮೆ ಉಸ್ಮಾನನನ್ನು, ಒಮ್ಮೆ ದೇವಮ್ಮಕ್ಕನನ್ನು, ಮತ್ತೊಮ್ಮೆ ಕೊಡೆ ಮಡಚಿ ಜಗಲಿಯ ಅಂಚಿನಲ್ಲಿ ಕೂರುತ್ತಿದ್ದ ಸಭೆಯನ್ನು ನೋಡಿದರು. ಸಾರಮ್ಮ ಮೆಲ್ಲನೆ ಒಂದು ಹಾಡು ಎತ್ತಿದರು. ಸಭೆ ಜೊತೆಗೂಡಿತು. ಹಾಡು ಬಾರದ ಗೌಡರು, ಅಧ್ಯಕ್ಷರೆಂಬ ಜವಾಬ್ದಾರಿಯಿಂದ, ಖಾಲಿ ಕ್ಯಾನಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ಎರಡನೆಯ ಹಾಡಿನ ನಡುವೆ ಲಾರಿ ಬಂತು. ಕುಂಞಪ್ಪನ್ ಚೇಟ್ಟ ಮುಂಡು ಎತ್ತಿ ಕಟ್ಟಿ ಮೊದಲ ಕ್ಯಾನಿಗೆ ಕೈ ಹಾಕಿದರು. ಸಭೆಯ ಗಂಡಸರು, ಉಸ್ಮಾನ್, ನಾನು, ಕೊನೆಗೆ ಅಂಗಿಯ ತೋಳು ಮಡಚಿ ಚೆರಿಯಾನ್ ಪಾಸ್ಟರೂ. ಅವರ ಇಸ್ತ್ರಿ ಅಲ್ಲಿಗೆ ಮುಗಿಯಿತು. ಒಂದು ಕ್ಯಾನಿನ ಹಾಲೂ ಹಾಳಾಗಲಿಲ್ಲ.

ಜೂನಿನಲ್ಲಿ ಬೇರೆ ಯಾರೂ ಬರಲಿಲ್ಲ. ಸಾಂಕುಟ್ಟಿ ಇವತ್ತಿಗೂ ಎರಡೂ ಕಡೆ ಇದ್ದಾರೆ. ಅದಕ್ಕೆ ನಾವು ಬೇರೆ ಬೇರೆ ದೇವರುಗಳಿಗೆ ಕೃತಜ್ಞತೆ ಹೇಳುತ್ತೇವೆ. ಮೇಲಿನವರು ಯಾವ ಸಭೆಯಲ್ಲಿ ಕೂತು ತೀರ್ಮಾನ ಮಾಡಿದರೋ ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಅದು ತೀರ್ಮಾನವಾದದ್ದು ಆ ದಿನ, ಲಾರಿ ತಿರುವಿನಲ್ಲಿ ಮರೆಯಾದ ಮೇಲೆ, ಚೆರಿಯಾನ್ ಪಾಸ್ಟರ್ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ತಮ್ಮ ಕರ್ತವ್ಯವನ್ನು ನೆನಪು ಮಾಡಿಕೊಂಡು ಕೇಳಿದಾಗ.

"ಅದೆಲ್ಲ ಸರಿ ಸಾಂಕುಟ್ಟಿ. ಆದರೆ ಪಾಸ್ಟರ್ ಅಂದ ಮೇಲೆ ಜನರ ಮನೆಮನೆಗೆ ಹೋಗಬೇಕು. ಈ ಕೆಲಸದ ನಡುವೆ ನೀನು ವಾರಕ್ಕೆ ಎಷ್ಟು ಸಲ ಜನರನ್ನು ಹೋಗಿ ಕಾಣ್ತೀಯ?"

ಸಾಂಕುಟ್ಟಿ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದರು.

"ಹೋಗ್ಲಿಕ್ಕೆ ಪುರುಸೊತ್ತು ಕಡಿಮೆ ಸರ್. ಅವರೇ ದಿನಕ್ಕೆ ಎರಡು ಸಲ ಬರ್ತಾರೆ."