ಗುತ್ಯಪ್ಪನವರ ಅಳತೆ

ಮೊನ್ನೆ ನನ್ನ ಸ್ಕೂಟರ್ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರಿಗೇ ಮುನಿಸಿಕೊಂಡು ನಿಂತುಬಿಟ್ಟಿತು. ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದೆ. ಅವನು ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಬಾಯಿಂದ ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೂತಲ್ಲೇ ಬೆವರಿದೆ. ಪೆಟ್ರೋಲಿನ ವಾಸನೆಗೆ ಬೆವರುವವರನ್ನು ನೀವು ಕಂಡಿರಲಿಕ್ಕಿಲ್ಲ. ಅದಕ್ಕೆ ಮೂವತ್ತು ವರ್ಷ ಹಳೆಯ ಕಾರಣವೊಂದಿದೆ. ಇಷ್ಟು ದಿನ ಬಚ್ಚಿಟ್ಟದ್ದು ಸಾಕು, ಹೇಳಿಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಓಡುತ್ತಿದ್ದ ಖಾಸಗಿ ಬಸ್ಸೊಂದಕ್ಕೆ ನಾನು ರೈಟರ್. ಅಂದರೆ ಟಿಕೆಟ್ ಪುಸ್ತಕ, ಪರ್ಮಿಟ್ಟಿನ ಕಾಗದ, ಸೀಟಿಗಾಗಿ ನಡೆಯುವ ಜಗಳ, ಇವಿಷ್ಟೂ ನನ್ನ ಸುಪರ್ದಿ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಜೇಬಿನಲ್ಲಿ ಪೆನ್ನಿತ್ತು, ಇಂಗ್ಲಿಷ್ ಓದಲು ಬರುತ್ತಿತ್ತು. ನನಗೆ ತಿಳಿಯದ ಸಂಗತಿಯೂ ಜಗತ್ತಿನಲ್ಲಿ ಇದ್ದೀತು ಎಂಬ ಅನುಮಾನವೇ ಆಗ ನನಗಿರಲಿಲ್ಲ. ಬಸ್ಸಿನ ಮಾಲೀಕರು ಸಾಹುಕಾರ್ ಶಿವಲಿಂಗಪ್ಪನವರು. ಅದನ್ನು ಬದುಕಿಸಿಟ್ಟವರು ಮಾತ್ರ ಸೊರಬದ ಮಿಸ್ತ್ರಿ ಗುತ್ಯಪ್ಪನವರು.

ಬಸ್ಸಿಗೆ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಎರಡನೇ ಮಹಾಯುದ್ಧಕ್ಕಿಂತ ಮೊದಲಿನದು. ಅದರ ಕಾರ್ಬುರೇಟರ್ ಬಿರುಕು ಬಿಟ್ಟು ಪೆಟ್ರೋಲ್ ಜಿನುಗುತ್ತಿತ್ತು. ಗುತ್ಯಪ್ಪನವರು ಪ್ರತಿ ಬೆಳಿಗ್ಗೆ ಬಟ್ಟೆ ಸೋಪನ್ನು ಬಿರುಕಿಗೆ ತಿಕ್ಕಿ ಮುಚ್ಚುತ್ತಿದ್ದರು, ಬಸ್ಸು ಹೋಗಿ ಬರುವಷ್ಟರಲ್ಲಿ ಸೋಪು ಉದುರಿರುತ್ತಿತ್ತು. ನಮ್ಮ ಮನೆಯಲ್ಲಿ ಸೋಪು ಇಷ್ಟು ಬೇಗ ಖರ್ಚಾಗುವುದಿಲ್ಲವಲ್ಲ ಎಂದು ಸಾಹುಕಾರರು ಗೊಣಗಿದ ಮೇಲೆ ಬೇರೆ ಕಾರ್ಬುರೇಟರ್ ತರುವುದೆಂದು ತೀರ್ಮಾನವಾಯಿತು. ಅದೇ ಮಾದರಿಯದು ಎಲ್ಲೂ ಸಿಗುವಂತಿರಲಿಲ್ಲ. ದಾವಣಗೆರೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಹೊಂದುವಂಥದ್ದನ್ನು ಆರಿಸಬೇಕಿತ್ತು. ಹಳೆಯದನ್ನು ಬಿಚ್ಚಿ ಕೊಂಡೊಯ್ದರೆ ಬಸ್ಸು ನಿಲ್ಲುತ್ತದೆ. ಮಿಸ್ತ್ರಿ ಹೋದರೂ ನಿಲ್ಲುತ್ತದೆ. ಹೀಗಾಗಿ ಹೊರಟವನು ನಾನು.

ಗುತ್ಯಪ್ಪನವರ ಅಳತೆಯೆಂದರೆ ತೆಂಗಿನ ಪೊರಕೆಯ ಕಡ್ಡಿ. ತೂತಿಗೆ ಅಡ್ಡ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಗುರುತು ಮಾಡಿ, ಪಟ್ಟನೆ ಕತ್ತರಿಸುವುದು. ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆನವಟ್ಟಿಯ ಅಕ್ಕಿ ಗಿರಣಿಯವರೂ ಅವರ ಕಡ್ಡಿಯನ್ನು ನಂಬಿ ಸಾಮಾನು ತರಿಸುತ್ತಿದ್ದರು. ನಾನೊಮ್ಮೆ ಸ್ಕೂಲಿನ ಸ್ಕೇಲು ತಂದುಕೊಡಲೇ ಎಂದು ಕೇಳಿ ನಗೆಪಾಟಲಾಗಿದ್ದೆ. ಈಗ ಅವರು ನನ್ನ ಕೈಗೆ ಎರಡು ಕಡ್ಡಿ ಕೊಟ್ಟರು. ಉದ್ದನೆಯದು ಬೋಲ್ಟಿನ ತೂತುಗಳ ಅಂತರ. ಗಿಡ್ಡದು ಗಾಳಿ ಹೋಗುವ ಗಂಟಲಿನ ಅಗಲ.

“ರೈಟ್ರೇ, ಗಂಟಲಿಂದು ಮರೀಬ್ಯಾಡ್ರಿ. ಮುದುಕ ಇಂಜಿನ್ನು, ಉಸಿರು ಕಮ್ಮಿ ಐತಿ. ಗಂಟಲು ದೊಡ್ಡದಾದ್ರೆ ಪೆಟ್ರೋಲ್ ಎಳ್ಕೊಳ್ಳಾಕೆ ಆಗಂಗಿಲ್ಲ ಅದಕ್ಕೆ,” ಎಂದರು.

ದಾವಣಗೆರೆಯ ಅಂಗಡಿಯವನು ಎರಡು ಕಾರ್ಬುರೇಟರ್ ತಂದಿಟ್ಟ. ಒಂದು ಮಸಿ ಹಿಡಿದದ್ದು. ಎರಡು ಕಡ್ಡಿಗಳೂ ಅದಕ್ಕೆ ಅಚ್ಚುಕಟ್ಟಾಗಿ ಕೂತವು. ಇನ್ನೊಂದು ಫಳಫಳ ಹೊಳೆಯುತ್ತಿತ್ತು, ಮೈಮೇಲೆ ಇಂಗ್ಲಿಷ್ ಅಕ್ಷರ ಬೇರೆ. ಬೋಲ್ಟಿನ ಕಡ್ಡಿ ಅದಕ್ಕೂ ಸರಿಹೋಯಿತು. ಗಂಟಲಿನ ಕಡ್ಡಿ ಮಾತ್ರ ನಿಲ್ಲಲೇ ಇಲ್ಲ, ಒಳಗೆ ಜಾರಿ ಕೆಳಗಿನಿಂದ ಉದುರಿತು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಅಂಗಡಿಯವನು ನನ್ನನ್ನು ಎರಡು ಸಲ ಸಾರ್ ಎಂದಿದ್ದ. ಅದಲ್ಲದೆ ದಿಬ್ಬ ಹತ್ತಲು ಏದುಸಿರು ಬಿಡುವ ಇಂಜಿನ್ನಿಗೆ ದೊಡ್ಡ ಗಂಟಲಿದ್ದರೇ ಅಲ್ಲವೇ ಬಲ, ಓದು ಬಾರದ ಮಿಸ್ತ್ರಿಗೇನು ಗೊತ್ತು, ಎಂದಿತು ನನ್ನ ಬುದ್ಧಿ. ಹೊಳೆಯುವುದನ್ನೇ ಕಟ್ಟಿಸಿಕೊಂಡೆ. ಕಡ್ಡಿಗಳನ್ನು ಬರುವ ದಾರಿಯಲ್ಲಿ ಕಿಟಕಿಯಿಂದ ಎಸೆದೆ.

ಮರುದಿನ ನಸುಕಿನ ಕತ್ತಲಲ್ಲೇ ಗುತ್ಯಪ್ಪನವರು ಅದನ್ನು ಕೂರಿಸಿದರು, ಬಸ್ಸು ಹೊರಟಿತು. ಸಮತಟ್ಟು ರಸ್ತೆಯಲ್ಲಿ ಅದರ ಗರ್ಜನೆ ಕೇಳಿ ನನ್ನ ಎದೆಯುಬ್ಬಿತು. ಸೊರಬದ ದಾರಿಯ ಮೊದಲ ದಿಬ್ಬದಲ್ಲಿ ಬಸ್ಸು ಎರಡು ಸಲ ಕೆಮ್ಮಿ ನಿಂತಿತು. ಕೋರ್ಟು ಕಚೇರಿಗೆ ಹೊರಟಿದ್ದವರೆಲ್ಲ ಇಳಿದು, ಪಂಚೆ ಎತ್ತಿಕಟ್ಟಿ, ನನ್ನ ಅಪ್ಪ ಅಮ್ಮನನ್ನೂ ನೆನೆಯುತ್ತ ತಳ್ಳಿದರು.

ಸಂಜೆ ಗುತ್ಯಪ್ಪನವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸಾಹುಕಾರರು ಅಲ್ಲೇ ನಿಂತಿದ್ದರು.

“ಕಡ್ಡಿ ಇಟ್ಟು ನೋಡಿದ್ರಾ, ರೈಟ್ರೇ?”

“ನೋಡಿದೆ. ಸರಿಯಾಗಿ ಕೂತಿತ್ತು,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವರು ನನ್ನನ್ನು ಅನುಮಾನಿಸಲಿಲ್ಲ. ಓದಿದವನು ಸುಳ್ಳು ಹೇಳುತ್ತಾನೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ತಮ್ಮ ಬಲಗೈಯ ಹೆಬ್ಬೆರಳನ್ನೇ ನೋಡಿಕೊಂಡರು. ಆಮೇಲೆ ಸಾಹುಕಾರರತ್ತ ತಿರುಗಿ, ಅಳತೆ ನಂದೇ ತಪ್ಪೈತಿ ಎಂದರು.

ಸಾಹುಕಾರರು ಕೂಗಾಡಲಿಲ್ಲ. ಇನ್ನು ಮೇಲೆ ಅಕ್ಕಸಾಲಿಗರ ಅಂಗಡಿಯಲ್ಲಿ ಅಳತೆ ಮಾಡಿಸಿಕೊಂಡು ಬಾ ಎಂದಷ್ಟೇ ಅವರಿಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಅಕ್ಕಸಾಲಿಗರು ತಂತಿ ಇಟ್ಟು ಅಳೆದುಕೊಟ್ಟರು, ನಾನು ಹೋಗಿ ಮಸಿ ಹಿಡಿದದ್ದನ್ನು ಬದಲಾಯಿಸಿ ತಂದೆ, ಬಸ್ಸು ದಿಬ್ಬ ಹತ್ತಿತು. ಆದರೆ ಗುತ್ಯಪ್ಪನವರು ಮತ್ತೆ ಕಡ್ಡಿ ಕತ್ತರಿಸಲಿಲ್ಲ. ಅಚ್ಚಿಗೆ ಕೂರಿಸುವ ಒಂದು ಸಣ್ಣ ಬುಷ್ ಹಾಕಬೇಕಾದರೂ ಪೇಟೆ ದಾಟಿ ಅಕ್ಕಸಾಲಿಗರ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಬಳೆ ಅಳತೆ ಕೊಡಲು ಬಂದ ಹೆಂಗಸರೆಲ್ಲ ಹೋದ ಮೇಲೆ ಇವರ ಸರದಿ. ಗಿರಣಿಯವರೂ ಬೇರೆ ಮಿಸ್ತ್ರಿಯನ್ನು ಹುಡುಕಿಕೊಂಡರು. ನಾನು ಕಣ್ಣಾರೆ ಕಂಡೆ, ಬಾಯಿ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ನನಗೆ ಸರ್ಕಾರಿ ನೌಕರಿ ಸಿಕ್ಕಿ ಊರು ಬಿಟ್ಟೆ. ವರ್ಗವಾಗಿ ಶಿಕಾರಿಪುರಕ್ಕೆ ಮರಳಿ ಬಂದ ಮೇಲೂ ಅವರ ಮನೆಯತ್ತ ಸುಳಿಯಲಿಲ್ಲ. ನಾಚಿಕೆಗೇಡು.

ಮೊನ್ನೆ ಸ್ಕೂಟರನ್ನು ಮೆಕ್ಯಾನಿಕ್ಕಿನ ಹತ್ತಿರವೇ ಬಿಟ್ಟು ಸೊರಬದ ಬಸ್ಸು ಹತ್ತಿದೆ. ಗುತ್ಯಪ್ಪನವರು ಮನೆಯ ಜಗುಲಿಯಲ್ಲಿ ಕೂತಿದ್ದರು. ಕಿವಿ ಚೂರು ಮಂದ, ಗುರುತು ಮಾತ್ರ ಕೂಡಲೇ ಹಿಡಿದರು. ಬೈಸಿಕೊಳ್ಳಲು ತಯಾರಾಗಿಯೇ ಎಲ್ಲವನ್ನೂ ಒದರಿಬಿಟ್ಟೆ.

ಅವರು ಬಲಗೈಯ ಹೆಬ್ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಆಮೇಲೆ, “ದೊಡ್ಡದರಾಗೆ ಕಡ್ಡಿ ಬಿದ್ದೇ ಹೋತಾ?” ಎಂದು ಕೇಳಿದರು.

“ಬಿದ್ದುಹೋಯ್ತು.”

“ಇನ್ನೊಂದರಾಗೆ?”

“ಗಟ್ಟಿಯಾಗಿ ಕೂತಿತ್ತು. ಒಂದಿಷ್ಟೂ ಅಲುಗಾಡಲಿಲ್ಲ.”

ನನ್ನ ಕಡೆ ಅವರು ನೋಡಲೂ ಇಲ್ಲ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತಿಗೆ ಅಲ್ಲಿ ಗಿರಾಕಿಯೇ ಇರಲಿಲ್ಲ. ಅವರು ಒಳಗಿದ್ದ ಹೆಂಡತಿಯನ್ನು ಕೂಗಿದರು.

“ಏ, ಇಲ್ಲಿ ಬಾರೇ. ಅವತ್ತು ನನ್ನ ಕೈ ತಪ್ಪಿರ್ಲಿಲ್ಲಂತೆ.” ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. “ರೈಟ್ರೇ, ಇವಳಿಗೆ ಇನ್ನೊಂದ್ಸಲ ಹೇಳ್ರಿ.”

ನಾನು ಮೊದಲಿನಿಂದ ಹೇಳಿದೆ. ಮುಗಿಸುವಷ್ಟರಲ್ಲಿ ಅವರು ಪಕ್ಕದ ಮನೆಯವರನ್ನೂ ಕರೆದಿದ್ದರು. ಅವರಿಗೂ ಹೇಳಿದೆ.