ಅವ್ವನ ಸಾಕ್ಷಿ

ಹಡಗಲಿಯ ನಮ್ಮ ಪ್ರಾರ್ಥನಾ ಮಂದಿರ ಮೊದಲು ಶೇಂಗಾ ಗೋದಾಮಾಗಿತ್ತು. ಮೇಲೆ ತಗಡು, ಕೆಳಗೆ ಚಾಪೆ. ಭಾನುವಾರ ಹಾಡು ಮುಗಿದು, ಪಾಸ್ಟರ್ ಬೈಬಲ್ ತೆರೆದು ಪ್ರಸಂಗ ಶುರುಮಾಡುವ ಮುಂಚೆ ಸಾಕ್ಷಿ ಹೇಳುವ ಹೊತ್ತು. ಯಾರಿಗೆ ದೇವರು ಏನು ಮಾಡಿದನೋ ಅವರು ಎದ್ದು ನಿಂತು ಹೇಳಬೇಕು. ಲಾರಿ ಓಡಿಸುವ ಒಬ್ಬಾತ ತಾನು ಕುಡಿತ ಬಿಟ್ಟ ಕಥೆಯನ್ನು ವಾರ ವಾರವೂ ಹೇಳುತ್ತಿದ್ದ. ಹೇಳಿದ ಹಾಗೆಲ್ಲ ಅವನು ಹಿಂದೆ ಕುಡಿದಿದ್ದ ಬಾಟಲಿಗಳು ಹೆಚ್ಚಾಗುತ್ತಿದ್ದವು. ಹೀಗೇ ಬಿಟ್ಟರೆ ತುಂಗಭದ್ರೆಯನ್ನೇ ಕುಡಿದಿದ್ದೆ ಅಂದಾನು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಅವ್ವ ಮಾತ್ರ ಒಮ್ಮೆಯೂ ಎದ್ದವಳಲ್ಲ. ಅವಳದು ಮಲ್ಲಿಗೆ ಕಟ್ಟಿ ಮಾರುವ ಕೆಲಸ. ನಮ್ಮ ಸಭೆಯ ಹೆಂಗಸರು ಹೂ ಮುಡಿಯುತ್ತಿರಲಿಲ್ಲ. ಹೂಗಾರ್ತಿ ಹೋಗಿ ಹೋಗಿ ಅಲ್ಲೇ ಸೇರಿದಳಲ್ಲ ಅಂತ ಓಣಿಯವರು ಚೇಷ್ಟೆ ಮಾಡಿದರೆ ನಕ್ಕುಬಿಡುತ್ತಿದ್ದಳು. ಆದರೆ ಹೇಳಲು ಸಾಕ್ಷಿಯಿಲ್ಲ ಅನ್ನುವುದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ನನಗ ದೆವ್ವ ಬಡದಿಲ್ಲ, ಬ್ಯಾನಿ ಬಂದಿಲ್ಲ. ಏನಂತ ಹೇಳ್ಲಿ? ದೇವ್ರು ನನ್ನ ಕಡಿ ಹೊಳ್ಳಿ ನೋಡ್ಯಾನೋ ಇಲ್ಲೋ."

ನಾನಾಗ ಹೈಸ್ಕೂಲಿನಲ್ಲಿದ್ದೆ. "ಏನೂ ಆಗಲಾರದ್ದ ಚಲೋ ಅಲ್ಲೇನವ್ವಾ" ಅಂದರೆ, "ನಿನಗೇನು ತಿಳೀತೈತಿ, ಸುಮ್ಕಿರು" ಅನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಹಾಸಿಗೆ ಹಿಡಿದ. ಎಣ್ಣೆ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಗಟ್ಟಿ ಆಳು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಅವ್ವ ಸಭೆಗೆ ಹೋಗತೊಡಗಿದ ಎಷ್ಟೋ ದಿನಗಳ ಮೇಲೆ ಗೊಣಗುತ್ತಲೇ ಹಿಂದೆ ಬಂದವನು. ದಾವಣಗೆರೆಯ ಡಾಕ್ಟರು ಲಿವರ್ ಕೆಟ್ಟಿದೆ, ಮನೆಗೆ ಕರಕೊಂಡು ಹೋಗಿ ಅಂದುಬಿಟ್ಟರು.

ಸಭೆಯವರು ಸಂಜೆ ಸಂಜೆ ಬಂದು ಮಂಚದ ಸುತ್ತ ಕೂತು ಪ್ರಾರ್ಥಿಸಿದರು. "ಅಕ್ಕಾ, ಅಂಜಬ್ಯಾಡ್ರಿ. ದೇವ್ರು ನಿಮಗ ದೊಡ್ಡ ಸಾಕ್ಷಿ ಕೊಡ್ತಾನ" ಅಂದರು ಪಾಸ್ಟರ್. ಅವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೂ ಕಟ್ಟುತ್ತ ತನ್ನಷ್ಟಕ್ಕೇ ತಾಲೀಮು ಮಾಡುತ್ತಿದ್ದಳು: "ನನ್ನ ಗಂಡ ಎದ್ದು ಕುಂತಾನ, ಗಿರಣಿಗೆ ಹೊಂಟಾನ..." ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಪಾಸ್ಟರ್ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಆಗದ ಹೋಗದ ಆಸೆ ಯಾಕೆ ಹಚ್ಚಬೇಕಿತ್ತು ಇವರು?

ಅಪ್ಪ ಏಳಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ತೀರಿಕೊಂಡ. ಮರುದಿನ ಮಣ್ಣು ಮಾಡಿದೆವು.

ಭಾನುವಾರ ಬೆಳಿಗ್ಗೆ ಅವ್ವ ಸೀರೆ ಉಟ್ಟು ಹೊರಟೇಬಿಟ್ಟಳು. "ಇವತ್ತೊಂದಿನ ಬ್ಯಾಡವಾ, ಮಂದಿ ಏನಂದಾರು" ಅಂದಳು ಪಕ್ಕದ ಮನೆಯ ಅಜ್ಜಿ. ಅವ್ವ ಚಪ್ಪಲಿ ಮೆಟ್ಟಿದಳು. ನಾನು ಹಿಂದೆ ನಡೆದೆ. ಮಂದಿರದಲ್ಲಿ ಹಾಡು ಮುಗಿಯಿತು. ಪಾಸ್ಟರ್ ನಮ್ಮ ಕಡೆ ನೋಡದೆ ನೇರ ಬೈಬಲ್ ತೆರೆದರು. ಪಾಪ, ಅವರಾದರೂ ಏನು ಮಾಡಿಯಾರು ಅಂತ ಈಗ ಅನ್ನಿಸುತ್ತದೆ.

ಅವ್ವ ಎದ್ದು ನಿಂತಳು. "ಪಾಸ್ಟರ್, ಸಾಕ್ಷಿ ಹೇಳೋದು ಬಿಟ್ರೆಲ್ರಿ."

ನಾನು ಅವಳ ಸೆರಗು ಜಗ್ಗಿದೆ. ಕೊಸರಿಕೊಂಡಳು.

"ನನ್ನ ಗಂಡಗ ಆರಾಮ ಆಗ್ಲಿಲ್ಲ, ನಿಮಗೆಲ್ಲಾ ಗೊತ್ತೈತಿ. ಆದ್ರ ಕೇಳ್ರಿ. ಈ ಮನುಷ್ಯ ಮದಿವ್ಯಾದಾಗಿಂದ ತಾನು ಉಂಡು, ಕೈ ತೊಳಕೊಂಡು ಎದ್ದು ಹೋಗೋನು. ಗಡಿಗ್ಯಾಗ ನನಗ ಉಳದೈತೋ ಇಲ್ಲೋ ಒಂದಿನ ನೋಡಿದೋನಲ್ಲ. ಇಲ್ಲಿಗೆ ಬರಾಕ ಹತ್ತಿದ ಮ್ಯಾಲೆ ಒಮ್ಮೆ ಕೈ ತೊಳಿಯೋ ಮುಂದ, 'ನೀ ಉಂಡ್ಯೇನು' ಅಂದ. ನನಗ ನಗಿ ಬಂತು. ಆಮ್ಯಾಲೆ ದಿನಾ ಕೇಳಿದ. ಅದ ಸಾಕ್ಷಿ ಅಂತ ನನಗ ತಿಳೀಲೇ ಇಲ್ಲ ನೋಡ್ರಿ. ಮಂಚ ಹಿಡದ ಮ್ಯಾಲೂ ಬಿಡಲಿಲ್ಲ. ಮೊನ್ನಿ ಶುಕ್ರಾರ ತೇಕ್ಕೋಂತ ಕೇಳಿದ. ಉಂಡೀನಿ ಅಂದೆ. ಉಂಡಿರಲಿಲ್ಲ. ಸುಳ್ಳು ಹೇಳಿ ಕಳಿಸೀನಿ."

ಈಗ ಅಳುತ್ತಾಳೆ ಅಂದುಕೊಂಡೆ. ತಲೆಯೆತ್ತಿ ನೋಡಿದರೆ ಅವಳ ಮುಖದ ತುಂಬ ಸಂತೋಷವಿತ್ತು. ಅಂಥ ಸಂತೋಷವನ್ನು ನಾನು ಅವಳಲ್ಲಿ ಅದುವರೆಗೆ ಕಂಡಿರಲಿಲ್ಲ. ಪಾಸ್ಟರ್ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಮ್ಯಾಲೆ ಸಿಕ್ಕ ಕೂಡ್ಲೆ ಮತ್ತ ಅದನ್ನ ಕೇಳ್ತಾನ. ಅವಾಗ ಖರೇ ಹೇಳ್ತೀನಿ. ಇಷ್ಟ ನನ್ನ ಸಾಕ್ಷಿ."

ಅಷ್ಟು ಹೇಳಿ ಕೂತಳು. ಪಾಸ್ಟರ್ ತೆರೆದಿದ್ದ ಬೈಬಲ್ ಮುಚ್ಚಿದರು. ಆವತ್ತು ಪ್ರಸಂಗ ನಡೆಯಲಿಲ್ಲ.